ಕಲೀನ ಕೈಯಲ್ಲೇ ಹಿಡಿದಿದ್ದ ಮೇಣದಬತ್ತಿ

ಕಲೀನ ಉರಿಯುವ ಕೆಂಡವನ್ನು ಬರಿಗೈಯಲ್ಲಿ ಎತ್ತುತ್ತಿದ್ದಳು ಎಂದು ನಮ್ಮೂರಲ್ಲಿ ಹೇಳುತ್ತಾರೆ. ಶುದ್ಧ ಸುಳ್ಳು. ಒಲೆಯಿಂದ ಬಿಸಿ ರೊಟ್ಟಿ ಎತ್ತುತ್ತಿದ್ದಳು, ಅಷ್ಟೇ. ಸತ್ತವರ ಬಗ್ಗೆ ನಾಲ್ಕು ಸುಳ್ಳು ಸೇರಿಸದಿದ್ದರೆ ನಮ್ಮವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡಕ್ಕೂ ಬಿಸಿ ತಾಗುತ್ತಿರಲಿಲ್ಲ ಎನ್ನುವುದು ಮಾತ್ರ ನಿಜ. ಅಲ್ಲಿಯ ಚರ್ಮ ಸುಟ್ಟು ಸುಟ್ಟು ನುಣ್ಣಗಾಗಿತ್ತು. ಅದು ಹೇಗಾಯಿತೆಂದು ಊರಿಗೆಲ್ಲ ಗೊತ್ತು. ಅವಳು ಅದನ್ನು ಯಾಕೆ ನಿಲ್ಲಿಸಿದಳು ಎನ್ನುವುದು ನನಗೊಬ್ಬಳಿಗೇ ಗೊತ್ತು.

ನಾನು ಈ ಊರಿನ ಪಾದ್ರಿಯ ಹೆಂಡತಿಯಾಗಿದ್ದವಳು, ಈಗ ಪಾದ್ರಿಯ ತಾಯಿ. ನನ್ನವರು ಹೋದ ಮೇಲೆ ಮಗನೇ ಆ ಜಾಗದಲ್ಲಿ ನಿಂತಿದ್ದಾನೆ. ವಯಸ್ಸು ಎಪ್ಪತ್ತಾಯಿತು, ಹಲ್ಲು ಐದು ಉಳಿದಿವೆ, ನಾಲಿಗೆ ಪೂರ್ತಿ ಉಳಿದಿದೆ. ಕಲೀನ ಸತ್ತು ಏಳು ವರ್ಷವಾಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ.

ಕೊಸೊವೊ ಬಯಲಿನ ಕಾಳಗ ನಡೆದಾಗ ಅವಳಿಗೆ ಹದಿನೆಂಟು. ಒಬ್ರಾದನನ್ನು ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಒಬ್ರಾದ್ ಕುದುರೆಗಳಿಗೆ ಲಾಳ ಹೊಡೆಯುವವನು. ಎತ್ತರದ ಆಳು, ಮಾತು ಕಡಿಮೆ, ಕುದುರೆಯ ಕಾಲು ಹಿಡಿದನೆಂದರೆ ಅದು ಹಸುವಿನ ಹಾಗೆ ಸುಮ್ಮನಾಗುತ್ತಿತ್ತು. ಹುಲ್ಲು ಕೊಯ್ಯುವ ಕಾಲದಲ್ಲಿ ದೊರೆಯ ಕಡೆಯವರು ಬಂದು ಊರಿನ ಹನ್ನೊಂದು ಗಂಡಸರನ್ನು ಕರೆದೊಯ್ದರು. ತುರ್ಕರ ಸುಲ್ತಾನ ಬರುತ್ತಿದ್ದಾನೆ, ಬಯಲಿನಲ್ಲಿ ತಡೆಯಬೇಕು ಎಂದರು. ಒಬ್ರಾದ್ ಕಾದಾಡಲು ಹೋದವನಲ್ಲ. ಒಂದು ಚೀಲದಲ್ಲಿ ಸುತ್ತಿಗೆ, ಮೊಳೆ, ಇಕ್ಕಳ ತುಂಬಿಕೊಂಡು ಹೋದ. ಗದ್ದಲದಲ್ಲಿ ಹಿಂದೆಯೇ ಇರುತ್ತೇನೆ, ಭಯ ಬೇಡ ಎಂದು ಹೆಂಡತಿಗೆ ಹೇಳಿ ಹೋದ.

ಬಯಲು ನಮ್ಮೂರಿಂದ ಎರಡು ದಿನದ ನಡಿಗೆ. ಕಾಳಗದ ದಿನ ನಮಗೆ ಏನೂ ಕೇಳಿಸಲಿಲ್ಲ. ಅವತ್ತು ನಾವು ಹೆಂಗಸರೆಲ್ಲ ಹುಲ್ಲು ತಿರುವಿಹಾಕುತ್ತಿದ್ದೆವು, ಬಿಸಿಲು ಜೋರಿತ್ತು, ಯಾರೋ ಒಂದು ಪೋಲಿ ಮಾತು ಆಡಿ ಎಲ್ಲರೂ ನಕ್ಕಿದ್ದೆವು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಮೂರನೆಯ ದಿನ ಸವಾರರಿಲ್ಲದ ಕುದುರೆಗಳು ಹೊಳೆ ದಾಟಿ ಬಂದವು. ಐದನೆಯ ದಿನ ನಾಲ್ಕು ಜನ ಗಂಡಸರು ಬಂದರು. ಗೆದ್ದವರು ಯಾರು ಎಂದು ಕೇಳಿದರೆ ನಾಲ್ವರೂ ನಾಲ್ಕು ಥರ ಹೇಳಿದರು. ನಮ್ಮ ದೊರೆಯೂ ಸತ್ತ, ಅವರ ಸುಲ್ತಾನನೂ ಸತ್ತ ಎನ್ನುವುದರಲ್ಲಿ ಮಾತ್ರ ಜಗಳವಿರಲಿಲ್ಲ.

ಬಾರದ ಏಳು ಜನರಲ್ಲಿ ಆರು ಜನ ಸತ್ತದ್ದನ್ನು ಕಣ್ಣಾರೆ ಕಂಡವರಿದ್ದರು. ಉಳಿದವನು ಒಬ್ರಾದ್. ಅವನು ಬಿದ್ದ ಕುದುರೆಯೊಂದರ ಅಡಿಯಲ್ಲಿ ಅಲುಗಾಡದೆ ಬಿದ್ದಿದ್ದನ್ನು ನೋಡಿದೆ ಎಂದು ಒಬ್ಬ ಹೇಳಿದ. ಮಾರನೆಯ ದಿನ ಸೆರೆಯಾಳುಗಳ ಸಾಲಿನಲ್ಲಿ ಹಗ್ಗ ಕಟ್ಟಿಸಿಕೊಂಡು ಪೂರ್ವಕ್ಕೆ ನಡೆಯುತ್ತಿದ್ದುದನ್ನು ನೋಡಿದೆ ಎಂದು ಇನ್ನೊಬ್ಬ ಹೇಳಿದ. ಇಬ್ಬರೂ ಶಿಲುಬೆ ಮುಟ್ಟಿ ಆಣೆ ಮಾಡಿದರು. ಅವರಲ್ಲಿ ಒಬ್ಬ ಸುಳ್ಳುಗಾರನೆಂದು ಹೆಸರಾದವನಾಗಿದ್ದರೆ ಕಲೀನಳ ಬದುಕು ಎಷ್ಟೋ ಸುಲಭವಾಗುತ್ತಿತ್ತು. ಏನು ಮಾಡುವುದು, ಇಬ್ಬರೂ ಸತ್ಯವಂತರೇ.

ಸತ್ತವರ ಶನಿವಾರ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಅವತ್ತು ಗೋಧಿ ಬೇಯಿಸಿ, ಜೇನು, ಅಕ್ರೋಟು ಕಲಸಿ ಚರ್ಚಿಗೆ ತರುತ್ತೇವೆ. ಪಾದ್ರಿ ಎರಡು ಪಟ್ಟಿ ಓದುತ್ತಾರೆ, ಮೊದಲು ಇರುವವರದ್ದು, ಆಮೇಲೆ ಹೋದವರದ್ದು. ಇರುವವರ ಮೇಣದಬತ್ತಿ ಮೇಲಿನ ತಟ್ಟೆಯಲ್ಲಿ, ಹೋದವರ ಮೇಣದಬತ್ತಿ ಕೆಳಗೆ ಮರಳಲ್ಲಿ. ಆ ದಿನ ಆ ಕಡೆ ಸತ್ತವರೆಲ್ಲ ಊಟಕ್ಕೆ ಕೂರುತ್ತಾರೆ. ಮರಳಲ್ಲಿ ಯಾರ ಮೇಣದಬತ್ತಿ ಉರಿಯುತ್ತದೋ ಅವರ ಮುಂದೆ ತಟ್ಟೆ ಬರುತ್ತದೆ. ಇಲ್ಲದವರು ಪಕ್ಕದವರು ಉಣ್ಣುವುದನ್ನು ನೋಡಿಕೊಂಡು ಕೂತಿರಬೇಕು. ಬದುಕಿರುವವನ ಮೇಣದಬತ್ತಿಯನ್ನು ಮರಳಲ್ಲಿ ಚುಚ್ಚಿದರೆ? ಅವನನ್ನು ಕೈಯಾರೆ ಗುಂಡಿಗೆ ತಳ್ಳಿದ ಹಾಗೆ.

ಆ ಶರತ್ಕಾಲದ ಶನಿವಾರ ಆರು ವಿಧವೆಯರು ಅಳುತ್ತಾ ಬಂದು ಮರಳಲ್ಲಿ ಆರು ಮೇಣದಬತ್ತಿ ನೆಟ್ಟರು. ಕಲೀನ ಹಿಂದೆ ನಿಂತಿದ್ದಳು. ಅವಳ ಅತ್ತೆ ಬೆಳಿಗ್ಗೆಯೇ ಅವಳನ್ನು ಹಿಡಿದು, ನೀನು ಕೆಳಗಿಟ್ಟ ಗಳಿಗೆಯಲ್ಲೇ ನನ್ನ ಮಗ ಸಾಯುತ್ತಾನೆ, ಆ ಪಾಪ ನಿನ್ನದು ಎಂದಿದ್ದಳಂತೆ. ಹಾಗಾದರೆ ಮೇಲಿಡಬೇಕು. ಮೇಲಿಟ್ಟು, ಅವನು ನಿಜಕ್ಕೂ ಸತ್ತಿದ್ದರೆ? ಅವನು ಹಸಿದು ಕೂತಿರುತ್ತಾನೆ. ಅವಳು ಹಚ್ಚಿದ ಮೇಣದಬತ್ತಿಯನ್ನು ಹಿಡಿದು ಮೇಲೆ ನೋಡಿದಳು, ಕೆಳಗೆ ನೋಡಿದಳು, ನಿಂತೇ ಇದ್ದಳು. ಎಲ್ಲರೂ ಹೋದರು. ನನ್ನ ಗಂಡ ಬಾಗಿಲು ಹಾಕಲು ಬೀಗ ಹಿಡಿದು ಕೆಮ್ಮಿದರು. ನಾನು ಅವರ ತೋಳು ಚಿವುಟಿದೆ. ಮೇಣ ಕರಗಿ ಬೆರಳ ಮೇಲೆ ಇಳಿಯಿತು, ಬತ್ತಿ ಬೆರಳಿಗೇ ತಾಗಿತು, ಅವಳು ಕೈ ಬಿಡಲಿಲ್ಲ. ಆರಿದ ಮೇಲೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ಹೋದಳು.

ಹೀಗೆ ಇಪ್ಪತ್ತನಾಲ್ಕು ವರ್ಷ.

ಹೆಸರನ್ನು ಯಾವ ಪಟ್ಟಿಗೆ ಬರೆಯಲಿ ಎಂದು ನನ್ನ ಗಂಡ ಅವಳನ್ನು ಕೇಳಿದ್ದರು. ಎರಡರಲ್ಲೂ ಬೇಡ, ನಡುವೆ ಎಲ್ಲಾದರೂ ಒಂದು ಸಲ ಹೇಳಿಬಿಡಿ ಎಂದಳಂತೆ. ನಡುವೆ ಎನ್ನುವ ಜಾಗ ದೇವರ ಪುಸ್ತಕದಲ್ಲಿ ಇಲ್ಲ ಎಂದು ಅವರು ಗದರಿದರು. ನಿಯಮದ ಮನುಷ್ಯ, ಉಪವಾಸದ ದಿನ ನನ್ನ ಸಾರಿನಲ್ಲಿ ಎಣ್ಣೆಯ ಹನಿ ಹುಡುಕುತ್ತಿದ್ದವರು. ಆದರೆ ಒಂದು ಪಟ್ಟಿ ಮುಗಿದು ಇನ್ನೊಂದು ಶುರುವಾಗುವ ಮೊದಲು ಅವರು ಉಸಿರು ಎಳೆದುಕೊಳ್ಳಬೇಕಲ್ಲ, ಆಗ ಮೀಸೆಯೊಳಗೇ ಒಂದು ಹೆಸರು ಹೇಳುತ್ತಿದ್ದರು. ತುಟಿ ನೋಡುತ್ತಿದ್ದ ನನಗೆ ಮಾತ್ರ ಗೊತ್ತಾಗುತ್ತಿತ್ತು. ಆ ಮನುಷ್ಯನನ್ನು ನಾನು ಇಷ್ಟಪಡಲು ಶುರುಮಾಡಿದ್ದು ಆಗಿನಿಂದ.

ಕಾಳಗದ ಮಾತು ಬಂದಾಗ ಜನ ಕತ್ತಿ, ಬಾವುಟ, ದೊರೆಯ ತಲೆ ಎಂದು ಹೇಳುತ್ತಾರೆ. ನಾನು ಕಂಡ ಕಾಳಗ ಬೇರೆ. ಚರ್ಚಿನಲ್ಲಿ ವಿಧವೆಯರು ಎಡಗಡೆಯ ಬೆಂಚಿನಲ್ಲಿ, ಮುತ್ತೈದೆಯರು ಬಲಗಡೆ. ಕಲೀನ ಕಂಬದ ಪಕ್ಕ ನಿಲ್ಲುತ್ತಿದ್ದಳು. ಅವರದು ಕಪ್ಪು ತಲೆವಸ್ತ್ರ, ಇವರದು ಬಿಳಿ. ಅವಳು ಅಕ್ರೋಟಿನ ಸಿಪ್ಪೆಯಲ್ಲಿ ಬಣ್ಣ ಕಟ್ಟಿ ಕಂದು ವಸ್ತ್ರ ಹಾಕಿಕೊಂಡಳು. ಮದುವೆಯ ರೊಟ್ಟಿಗೆ ಹಿಟ್ಟು ನಾದಲು ಅವಳನ್ನು ಕರೆಯುತ್ತಿರಲಿಲ್ಲ, ಎಲ್ಲಿ ಕೇಡಾಗುತ್ತದೋ ಎಂದು. ಸಾವಿನ ಮನೆಯಲ್ಲಿ ಹಾಡಿ ಅಳುವ ಹೆಂಗಸರೂ ಅವಳಿಗೆ ಜಾಗ ಬಿಡುತ್ತಿರಲಿಲ್ಲ, ನಿನಗೇನು, ನಿನ್ನ ಗಂಡ ನಾಳೆ ಬರುತ್ತಾನೆ ಎನ್ನುತ್ತಿದ್ದರು. ಐದು ವರ್ಷಕ್ಕೆ ಅತ್ತೆಯೂ ಸತ್ತಳು. ಆಮೇಲೆ ಆ ಮನೆಯಲ್ಲಿ ಮಾತಿಗೆ ಎಂದು ಇದ್ದದ್ದು ಎರಡು ಕುರಿ. ನಾನು ಹೋಗುತ್ತಿದ್ದೆ. ಪಾದ್ರಿಯ ಹೆಂಡತಿ ಎಲ್ಲಿ ಬೇಕಾದರೂ ಕೂರಬಹುದು, ಯಾರೂ ಕೇಳುವುದಿಲ್ಲ.

ಮಿಲ್ಟೆನ್ ಎನ್ನುವ ಜೇನು ಸಾಕುವವನಿದ್ದ, ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ಕಲೀನಳನ್ನು ಮದುವೆಗೆ ಕೇಳಿಕೊಂಡು ನನ್ನ ಹತ್ತಿರ ಬಂದ. ಒಳ್ಳೆಯವನು, ಸ್ವಲ್ಪ ಪೆದ್ದ, ಮೈಯೆಲ್ಲ ಮೇಣದ ವಾಸನೆ. ನಾನೇ ಹೋಗಿ ಅವಳಿಗೆ ಹೇಳಿದೆ. ಒಂದೇ ಒಂದು ಮೇಣದಬತ್ತಿ ಮರಳಲ್ಲಿ ನೆಡು, ವರ್ಷ ಕಳೆಯಲಿ, ನಿನಗೂ ಒಂದು ಮನೆ, ಮಕ್ಕಳು ಆಗಲಿ ಎಂದೆ. ಅವಳು ಜಗಳವಾಡಲಿಲ್ಲ. ನನಗೆ ಮನೆ ಬೇಕು ಅಂತ ಅವನನ್ನು ಸಾಯಿಸಲಾ ಎಂದು ಕೇಳಿದಳು. ಮಿಲ್ಟೆನ್ ಆರು ವರ್ಷ ಕಾದು, ಆಚೆ ಊರಿನ ಒಬ್ಬಳನ್ನು ತಂದುಕೊಂಡ. ಆ ಮದುವೆಯ ದಿನ ಕಲೀನ ಹೊಲದಲ್ಲಿ ಒಬ್ಬಳೇ ಕಳೆ ಕೀಳುತ್ತಿದ್ದಳು, ಬಾಜಾ ಭಜಂತ್ರಿ ಅಲ್ಲಿಗೂ ಕೇಳುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟು ಬಂತು.

ಇಪ್ಪತ್ತನಾಲ್ಕನೆಯ ವರ್ಷ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನು ಎಲೆಕೋಸು ಹೆಚ್ಚುತ್ತಿದ್ದಾಗ ವೆಸೆಲ್ಕೊ ಬಂದ. ಹೇಸರಗತ್ತೆ ಹೊಡೆಯುವವನು, ಹೊಳೆಯ ಆಚೆಯ ಊರಿನವನು. ನಮ್ಮ ಒಡೆಯರು ಹೊಸ ಸುಲ್ತಾನನಿಗೆ ತಲೆಬಾಗಿದ ಮೇಲೆ ಅವನ ದಂಡಿಗೆ ಇಲ್ಲಿಂದಲೇ ಜನ ಕಳಿಸುತ್ತಿದ್ದರಲ್ಲ, ಹಾಗೆ ಹೋಗಿ ತುರ್ಕರ ದೇಶದಲ್ಲಿ ಹತ್ತು ವರ್ಷ ಕಳೆದು ಬಂದಿದ್ದ. ಪಾದ್ರಿಗಳನ್ನು ನೋಡಬೇಕು ಎಂದ. ಅವರು ಒಂದು ಮಗುವಿಗೆ ಹೆಸರಿಡಲು ಪಕ್ಕದೂರಿಗೆ ಹೋಗಿದ್ದರು. ರೊಟ್ಟಿ, ಗಿಣ್ಣು ಕೊಟ್ಟೆ. ತಿನ್ನಲಿಲ್ಲ, ಕೈಯಲ್ಲಿ ತಿರುಗಿಸುತ್ತಾ ಕೂತ.

ಆಮೇಲೆ ಹೇಳಿದ. ಅಲ್ಲಿಯ ಸಂತೆಯೊಂದರಲ್ಲಿ ಅವನು ತನ್ನ ಹೇಸರಗತ್ತೆಯನ್ನು ನಮ್ಮ ಭಾಷೆಯಲ್ಲಿ ಬೈಯುತ್ತಿದ್ದನಂತೆ. ಪಕ್ಕದ ಅಂಗಡಿಯಲ್ಲಿ ಲಾಳ ಹೊಡೆಯುತ್ತಿದ್ದ ಮನುಷ್ಯ ಎದ್ದು ಬಂದು, ಯಾವೂರು ಎಂದು ಕೇಳಿದನಂತೆ, ತಾನು ನಮ್ಮೂರಿನ ಒಬ್ರಾದ್ ಎಂದನಂತೆ. ಅವನಿಗೆ ಈಗ ಬೇರೆ ಹೆಸರು, ಬೇರೆ ಪ್ರಾರ್ಥನೆ, ಹೆಂಡತಿ, ಮೂವರು ಮಕ್ಕಳು. ನಮ್ಮೂರಿನ ಒಬ್ಬೊಬ್ಬರನ್ನೇ ವಿಚಾರಿಸಿದನಂತೆ, ಕೊನೆಗೆ ಕಲೀನ ಮತ್ತೆ ಮದುವೆಯಾದಳೇ ಎಂದನಂತೆ. ವೆಸೆಲ್ಕೊಗೆ ಕಲೀನ ಯಾರೆಂದೇ ಗೊತ್ತಿರಲಿಲ್ಲ, ಆಗಿರಬಹುದು ಎಂದುಬಿಟ್ಟ. ಒಬ್ರಾದ್ ಕತ್ತೆಯ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆದನಂತೆ.

"ಕೊನೇಲಿ ಏನಂದ ಗೊತ್ತಾ ಪಾದ್ರಿಯಮ್ಮ? ಊರಿಗೆ ಹೋದ್ರೆ, ನಾನು ಅವತ್ತೇ ಆ ಬಯಲಲ್ಲೇ ಸತ್ತೆ ಅಂತ ಹೇಳು ಅಂದ. ಆಣೆ ಇಡಿಸ್ಕೊಂಡ. ನಂಗೆ ಸುಳ್ಳು ಹೇಳೋಕೆ ಬರಲ್ಲ. ನೀವೇ ಏನಾದ್ರೂ ಮಾಡಿ."

ಒಬ್ರಾದ್ ಎದುರಿಗಿದ್ದಿದ್ದರೆ ಸೌಟಿನಿಂದ ಅವನ ತಲೆ ಒಡೆಯುತ್ತಿದ್ದೆ. ಹಗ್ಗ ಕಟ್ಟಿ ಎಳೆದುಕೊಂಡು ಹೋದವರ ನಡುವೆ ಒಬ್ಬಂಟಿಯಾಗಿ ಬದುಕಿ ಉಳಿಯಬೇಕಿತ್ತು, ಉಳಿದ, ಅದು ನನಗೂ ಅರ್ಥವಾಗುತ್ತದೆ. ಆದರೆ ಇಪ್ಪತ್ತನಾಲ್ಕು ವರ್ಷದಲ್ಲಿ ಸಿಕ್ಕಿದ ಒಬ್ಬನ ಕೈಯಲ್ಲಿ ಕಳಿಸುವ ಮಾತು ಇದೇ ಏನು? ವೆಸೆಲ್ಕೊಗೆ ಇನ್ನೊಂದು ಆಣೆ ಇಡಿಸಿ ಕಳಿಸಿದೆ, ಯಾರಿಗೂ ಹೇಳಕೂಡದು, ನನ್ನ ಗಂಡನಿಗಂತೂ ಖಂಡಿತ ಕೂಡದು ಎಂದು. ಧರ್ಮ ಬಿಟ್ಟವನ ಹೆಸರನ್ನು ಪಾದ್ರಿ ಯಾವ ಪಟ್ಟಿಯಲ್ಲೂ ಓದುವಂತಿಲ್ಲ. ಗೊತ್ತಾದರೆ ಅವರು ಆ ಉಸಿರಿನ ನಡುವಿನ ಹೆಸರನ್ನೂ ನಿಲ್ಲಿಸಬೇಕಾಗುತ್ತಿತ್ತು.

ಒಬ್ರಾದ್ ಕೇಳಿಕೊಂಡ ಹಾಗೆಯೇ ಸುಳ್ಳು ಹೇಳುವುದೆಂದು ತೀರ್ಮಾನಿಸಿ ಕಲೀನಳ ಮನೆಗೆ ಹೋದೆ. ಸತ್ತ ಎಂದರೆ ನಾಲ್ಕು ದಿನ ಅಳುತ್ತಾಳೆ, ಆಮೇಲೆ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು.

"ಒಂದು ಸುದ್ದಿ ಬಂದಿದೆ ಕಣೆ," ಎಂದೆ. "ಒಬ್ರಾದ್ ಇಲ್ಲ. ಅವತ್ತೇ ಹೋದನಂತೆ, ಆ ಬಯಲಲ್ಲೇ."

"ಅವತ್ತೇನಾ?"

"ಅವತ್ತೇ."

ಅವಳು ಅಳಲಿಲ್ಲ. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಮುಖ ಬಿಳುಚಿಕೊಳ್ಳುತ್ತಾ ಹೋಯಿತು.

"ತೊಂಬತ್ತಾರು ಶನಿವಾರ ಅಕ್ಕಾ. ತೊಂಬತ್ತಾರು ಸಲ ಎಲ್ರೂ ಉಣ್ಣೋದನ್ನ ನೋಡ್ಕೊಂಡು ಕೂತಿದ್ದಾನೆ. ಆ ಆರು ಜನರ ಹೆಂಡ್ತೀರು ಬಡಿಸಿದ್ರು. ನಾನೊಬ್ಳೇ ಬಡಿಸ್ಲಿಲ್ಲ. ಅವನನ್ನ ಉಪವಾಸ ಕೆಡವಿ ನಾನು ಇಲ್ಲಿ ಮೇಣದಬತ್ತಿ ಹಿಡ್ಕೊಂಡು ನಿಂತಿದ್ದೆ."

ಆ ಸುಟ್ಟ ಎರಡು ಬೆರಳನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ರಕ್ತ ಬರುವ ಹಾಗೆ ಕಚ್ಚಿದಳು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಪಾದ್ರಿಯ ಹೆಂಡತಿಯಾಗಿ ಮೊದಲು ಯೋಚಿಸಬೇಕಾದದ್ದು ಇದೇ ಆಗಿತ್ತು. ನನ್ನ ದಡ್ಡತನವನ್ನು ದೇವರು ಕ್ಷಮಿಸಲಿ. ಅವಳ ಕೈ ಹಿಡಿದು ಎಳೆದೆ.

"ಸುಳ್ಳು ಹೇಳ್ದೆ ಕಣೆ. ಬದುಕಿದ್ದಾನೆ. ಹೊಟ್ಟೆ ತುಂಬ ಉಣ್ತಾನೆ, ನಿನಗಿಂತ ನನಗಿಂತ ಚೆನ್ನಾಗಿ ಉಣ್ತಾನೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಹೆಂಡತಿ, ಮಕ್ಕಳು, ಹೊಸ ಹೆಸರು, ಹೊಸ ಪ್ರಾರ್ಥನೆ, ಏನನ್ನೂ ಬಿಡಲಿಲ್ಲ. ಅವಳು ಕೇಳುತ್ತಾ ಉಣ್ಣೆಯನ್ನು ಮತ್ತೆ ಹಿಂಜಲು ಶುರುಮಾಡಿದಳು. ಮಕ್ಕಳು ಹೆಣ್ಣೋ ಗಂಡೋ ಎಂದು ಕೇಳಿದಳು. ನಾನು ಅದನ್ನು ವಿಚಾರಿಸಲಿಲ್ಲ ಎಂದೆ. ವಿಚಾರಿಸಬೇಕಿತ್ತು ಎಂದು ಸಿಡುಕಿದಳು. ಅವಳು ನನ್ನ ಮೇಲೆ ಸಿಡುಕಿದ್ದು ಅದೊಂದೇ ಸಲ.

"ಸತ್ತೆ ಅಂತ ಹೇಳು ಅಂತ ಅವನೇ ಅಂದ್ನಾ?"

"ಅವನೇ ಅಂದನಂತೆ."

"ಇಪ್ಪತ್ನಾಲ್ಕು ವರ್ಷದಲ್ಲಿ ಅವನು ನನ್ನನ್ನ ಕೇಳಿರೋದು ಇದೊಂದೇ ಅಕ್ಕಾ. ಮಾಡ್ಕೊಡ್ತೀನಿ."

ನನಗೆ ತಲೆ ಕೆಟ್ಟಿತು. ಅವನ ಮಾತನ್ನು ಯಾಕೆ ನಡೆಸಬೇಕು, ಬಿಷಪ್ಪರ ಹತ್ತಿರ ಹೋಗೋಣ, ಅವನು ಧರ್ಮ ಬಿಟ್ಟಿದ್ದಾನೆಂದು ಹೇಳಿ ನಿನಗೆ ಬಿಡುಗಡೆ ತೆಗೆದುಕೊಳ್ಳೋಣ ಎಂದು ಕೂಗಾಡಿದೆ. ಬಿಡುಗಡೆ ತಗೊಂಡು ಯಾರನ್ನು ಮದುವೆಯಾಗಲಿ, ಮಿಲ್ಟೆನ್‌ನ ಮೊಮ್ಮಗನನ್ನಾ ಎಂದಳು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನಕ್ಕಿದ್ದಕ್ಕೆ ಅಳುವೂ ಬಂತು. ಬದುಕಿರುವವನ ಮೇಣದಬತ್ತಿ ಮರಳಲ್ಲಿಟ್ಟರೆ ಸಾಯುತ್ತಾನೆ ಎಂದೇ ಅಲ್ಲವೇ ಇಷ್ಟು ವರ್ಷ ಹೆದರಿದ್ದು, ಈಗ ಹೆದರಿಕೆ ಇಲ್ಲವೇ ಎಂದು ಕೇಳಿದೆ.

"ಅವನ ಹೆಸರು ಬೇರೆ ಆಯ್ತಲ್ಲ," ಎಂದಳು. "ಆ ಹೆಸರಿಗೆ ನನ್ನ ಮೇಣದಬತ್ತಿ ತಾಗಲ್ಲ. ಒಬ್ರಾದ್ ಅನ್ನೋನು ಈಗ ಎಲ್ಲೂ ಇಲ್ಲ. ಊರಿಗೆ ಗೊತ್ತಾದ್ರೆ ಅವನ ಹೆಸರು ಹೇಳಿ ಉಗೀತಾರೆ. ಮರಳಲ್ಲಾದ್ರೆ ಯಾರೂ ಉಗಿಯಲ್ಲ."

ಶರತ್ಕಾಲದ ಶನಿವಾರ ಅವಳು ಕಪ್ಪು ತಲೆವಸ್ತ್ರ ಹಾಕಿಕೊಂಡು, ತಟ್ಟೆ ತುಂಬ ಗೋಧಿ ಹೊತ್ತು ಚರ್ಚಿಗೆ ಬಂದಳು. ಮೇಣದಬತ್ತಿ ಹಚ್ಚಿ, ಬಗ್ಗಿ, ಮರಳಲ್ಲಿ ನೆಟ್ಟಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳನ್ನು ತಬ್ಬಿಕೊಂಡರು. ಅವಳನ್ನು ಯಾವತ್ತೂ ಹತ್ತಿರ ಸೇರಿಸದಿದ್ದವರು ಎಡಗಡೆಯ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು, ಅವಳ ಪರವಾಗಿ ರಾಗವೆತ್ತಿ ಅತ್ತರು. ಕೊನೆಗೂ ಒಪ್ಪಿಕೊಂಡಳು ಪಾಪ ಎಂದರು. ನನ್ನ ಗಂಡ ಹೋದವರ ಪಟ್ಟಿಯಲ್ಲಿ ಒಬ್ರಾದ್ ಎಂದು ಮೊದಲ ಸಲ ದೊಡ್ಡ ದನಿಯಲ್ಲಿ ಓದುವಾಗ ಅವರ ಕಣ್ಣಲ್ಲೂ ನೀರಿತ್ತು. ಅಷ್ಟೂ ಜನರ ನಡುವೆ ಕೂತ ಕಲೀನ ತಲೆಯೆತ್ತಿ ನನ್ನೊಬ್ಬಳನ್ನೇ ನೋಡಿದಳು. ಕಂಬದ ಪಕ್ಕ ನಿಂತಿದ್ದ ಇಪ್ಪತ್ತನಾಲ್ಕು ವರ್ಷವೂ ಅವಳು ಅಷ್ಟು ಒಂಟಿಯಾಗಿ ನನಗೆ ಕಂಡಿರಲಿಲ್ಲ.

ಆಮೇಲೆ ಅವಳು ಹತ್ತೊಂಬತ್ತು ವರ್ಷ ಬದುಕಿದಳು. ಸಾವಿನ ಮನೆಗೆ ಕರೆದರು, ಹೋದಳು. ಎಲ್ಲರ ಜೊತೆ ಕೂತು ಉಂಡಳು. ಒಂದು ದಿನ ಹೊಳೆಯಲ್ಲಿ ಬಟ್ಟೆ ಒಗೆಯುವಾಗ, ಮುಂಚೆ ಕನಸಿಗೆ ಬರುತ್ತಿದ್ದ, ಈಗ ಬರುವುದಿಲ್ಲ ಎಂದಳು. ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಬಟ್ಟೆ ಹಿಂಡುತ್ತಾ ಬೇರೆ ಮಾತು ತೆಗೆದಳು. ಕಾಯುವುದೇ ಅವಳ ಮನೆಯಲ್ಲಿ ಜೊತೆಗಿದ್ದ ಜೀವವಾಗಿತ್ತು, ಅದನ್ನೂ ಒಬ್ರಾದ್ ಕಸಿದುಕೊಂಡಿದ್ದ. ನನ್ನ ಗಂಡನಿಗೆ ಸಾಯುವ ಗಳಿಗೆಯಲ್ಲೂ ನಾನು ನಿಜ ಹೇಳಲಿಲ್ಲ. ಬದುಕಿರುವ, ಧರ್ಮ ಬಿಟ್ಟ ಒಬ್ಬನಿಗೆ ಅಷ್ಟು ವರ್ಷ ಪ್ರಾರ್ಥಿಸಿದ ಪಾಪ ನನ್ನ ಲೆಕ್ಕಕ್ಕೇ ಇರಲಿ.

ಈಗ ನನ್ನ ಮಗ ಪಟ್ಟಿ ಓದುತ್ತಾನೆ. ಒಬ್ರಾದ್, ಆಮೇಲೆ ಕಲೀನ. ಇಬ್ಬರಿಗೂ ಗೋಧಿ ಬೇಯಿಸುವವಳು ನಾನೇ, ಬೇರೆ ಯಾರಿದ್ದಾರೆ? ಬದುಕಿದ್ದರೆ ಅವನಿಗೆ ಎಪ್ಪತ್ತನಾಲ್ಕು. ಅವಳು ಹೋದಳೆಂದು ಅವನಿಗೆ ತಿಳಿಸುವವರು ಯಾರೂ ಇಲ್ಲ. ಅವನು ಸತ್ತರೂ ಆ ಧರ್ಮದವರ ಜಾಗಕ್ಕೆ ಹೋಗುತ್ತಾನೆ, ಮಕ್ಕಳ ಪ್ರಾರ್ಥನೆ ಅಲ್ಲಿಗೇ ಮುಟ್ಟುತ್ತದೆ. ನಮ್ಮವರು ಊಟಕ್ಕೆ ಕೂರುವ ಸಾಲಿಗೆ ಅವನು ಬರುವುದಿಲ್ಲ. ಎರಡು ಮೇಣದಬತ್ತಿ ನೆಡುವಾಗ ನನಗೆ ಇದೇ ಯೋಚನೆ. ಅಲ್ಲಿ ಕಲೀನಳ ಪಕ್ಕ ಒಬ್ರಾದನ ತಟ್ಟೆ ಬಡಿಸಿಟ್ಟಿರುತ್ತದೆ, ಅದರ ಮುಂದೆ ಯಾರೂ ಇರುವುದಿಲ್ಲ. ಅವಳು ಕೈ ತೊಳೆದು ಕೂತಿರುತ್ತಾಳೆ. ಪಕ್ಕದವನು ಬರಲಿ ಎಂದು ಊಟಕ್ಕೆ ಕೈ ಹಾಕಿರುವುದಿಲ್ಲ.